ಮುಂದಿನ ಸ್ಟೇಷನ್‌ನಲ್ಲಿ ಇಳಿದು ನಿಲ್ಲಿ

ಚಿಕಿತ್ಸೆಗಾಗಿ ಮುಂಬಯಿ ರೈಲು ಹತ್ತುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ



ಕಲಬುರಗಿ, ಬೀದರ್, ವಿಜಯಪುರ, ಗದಗ, ಕಾರವಾರ, ಕುಂದಾಪುರ, ಉಡುಪಿ ಎಂದು ಎಲ್ಲೆಲ್ಲಿಂದಲೋ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೊರಟು ನಿಂತಿರುವ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿ ಊರಿನ ಡಾಕ್ಟರು ಬರೆದುಕೊಟ್ಟ ಚೀಟಿಯಿದೆ, ಸ್ಕ್ಯಾನಿಂಗ್ ಫಿಲ್ಮುಗಳ ದೊಡ್ಡ ಕವರಿದೆ, ಬುತ್ತಿಯ ಚೀಲವಿದೆ. ಮನಸ್ಸಿನ ತುಂಬ ಭಯವಿದೆ. ಕಾಯಿಲೆಯ ಮಾತು ಆಡಲು ಅಲ್ಲಿ ತಿಳಿದ ವೈದ್ಯರಿದ್ದಾರೆ. 1941ರಿಂದ ಆ ಕಟ್ಟಡ ಅದೊಂದೇ ಕೆಲಸ ಮಾಡುತ್ತ ಬಂದಿದೆ. ನನಗೆ ಗೊತ್ತಿರುವುದು ಆ ಬಾಗಿಲಿನವರೆಗಿನ ರೈಲು ದಾರಿ. ಅಷ್ಟನ್ನು ಹೇಳುತ್ತೇನೆ.

ನಾನು ಕುಮಟಾ ಕಡೆಯವಳು. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದಾಗ ನಮ್ಮೂರಿಗೆ ರೈಲೇ ಇರಲಿಲ್ಲ. ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡಲು ಶುರುವಾದದ್ದು 1998ರ ಜನವರಿ 26ರಂದು. ಅಲ್ಲಿಯವರೆಗೆ ಊರೆಂದರೆ ಒಂದು ರಾತ್ರಿಯಿಡೀ ಬಸ್ಸಿನ ಕಿಟಕಿಗೆ ತಲೆ ಬಡಿದುಕೊಳ್ಳುತ್ತ ಹೋಗುವ ಜಾಗ. ಇಪ್ಪತ್ತೊಂಬತ್ತು ವರ್ಷ ನಾನು ಲೋಕಲ್ ಗಾಡಿಯಲ್ಲಿ ಕೆಲಸಕ್ಕೆ ಹೋಗಿಬಂದೆ. ಈ ಗಾಡಿಗಳನ್ನು ಬಲ್ಲೆ ಎಂಬ ಧೈರ್ಯ ನನಗಿತ್ತು. ಆ ಧೈರ್ಯ ಸಾಲದೆಂದು ತಿಳಿದದ್ದು ಏಳು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಸಂಜೆ.

ನನ್ನ ಅಕ್ಕನಿಗೆ ಆಗ ಅರವತ್ತನಾಲ್ಕು. ಪರೇಲಿನಲ್ಲಿ ತಪಾಸಣೆ ಮುಗಿದ ಮೇಲೆ, ಮುಂದಿನ ಚಿಕಿತ್ಸೆ ಖಾರ್‌ಘರ್‌ನಲ್ಲಿರುವ ಟಾಟಾದವರ ಇನ್ನೊಂದು ಕೇಂದ್ರದಲ್ಲಿ ಎಂದರು. ಮರುದಿನ ಬೆಳಿಗ್ಗೆ ಬೇಗ ಅಲ್ಲಿರಬೇಕಿತ್ತು. ಹತ್ತಿರದಲ್ಲಿ ನೆಂಟರ ಮನೆಯಿತ್ತು, ಸಂಜೆಯೇ ಹೊರಟೆವು. ಕುರ್ಲಾದಲ್ಲಿ ಹಾರ್ಬರ್ ಮಾರ್ಗಕ್ಕೆ ಬದಲಾಯಿಸಿದೆವು.  ಸಂಜೆ ಆರೂವರೆಗೆ ಆ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪನ್ವೇಲ್ ಗಾಡಿ ಬಂತು. ಮಹಿಳೆಯರ ಡಬ್ಬಾದ ಬಾಗಿಲಿಗೆ ಜನ ಒಮ್ಮೆಲೇ ಒತ್ತಿತು. ಅಕ್ಕ ಆ ಒತ್ತಿನಲ್ಲಿ ಒಳಗೆ ಹೋದಳು. ಎರಡು ಚೀಲ ಹಿಡಿದ ನಾನು ಹೊರಗೇ ಉಳಿದೆ. ಗಾಡಿ ಹೊರಟಿತು. ತಲೆಗಳ ನಡುವೆ ಅವಳ ಹಸಿರು ಸೀರೆಯ ಹೆಗಲು ಒಂದು ಗಳಿಗೆ ಕಂಡು ಮರೆಯಾಯಿತು.

ಫೈಲು ನನ್ನ ಬಳಿ. ಹಣ ನನ್ನ ಬಳಿ. ಅವಳ ಫೋನೂ ನನ್ನ ಚೀಲದಲ್ಲೇ. ಅವಳಿಗೆ ಹಿಂದಿ ಬಾರದು, ಮರಾಠಿ ಬಾರದು. ಗೊತ್ತಿದ್ದದ್ದು ಖಾರ್‌ಘರ್ ಎಂಬ ಒಂದು ಹೆಸರು.

ಮುಂದಿನ ಗಾಡಿ ಹತ್ತಿ ಬಾಗಿಲ ಬಳಿ ನಿಂತು ತಿಲಕ್ ನಗರ, ಚೆಂಬೂರು, ಗೋವಂಡಿ, ಮಾನ್‌ಖುರ್ದ್ ಎಂದು ಒಂದೊಂದು ಪ್ಲಾಟ್‌ಫಾರ್ಮನ್ನೂ ಕಣ್ಣಲ್ಲಿ ಜಾಲಾಡಿದೆ. ವಾಶಿಗೆ ಹೋಗುವ ಸಮುದ್ರದ ಹಿನ್ನೀರಿನ ಸೇತುವೆ ಅಷ್ಟು ಉದ್ದವೆಂದು ನನಗೆ ಅದುವರೆಗೆ ಅನಿಸಿರಲಿಲ್ಲ. ಖಾರ್‌ಘರ್‌ನಲ್ಲಿ ಇಳಿದಾಗ ಅವಳು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಆಫೀಸಿನ ಬ್ಯಾಗು ತೊಡೆಯ ಮೇಲಿಟ್ಟುಕೊಂಡ ಒಬ್ಬ ಹುಡುಗಿ. ಡಬ್ಬಾದಲ್ಲಿ ಅಕ್ಕ ಅಳುತ್ತಿದ್ದುದನ್ನು ಕಂಡು, ಅವಳ ಬಾಯಿಯ ಆ ಒಂದೇ ಹೆಸರನ್ನು ಹಿಡಿದು, ಅಲ್ಲಿ ಇಳಿಸಿ, ತನ್ನ ಮನೆಯ ಹೊತ್ತು ಬಿಟ್ಟು ಕಾದಿದ್ದಳು. ನಾನು ಕೈಮುಗಿದೆ. ಅವಳು ಮರಾಠಿಯಲ್ಲಿ ಏನೋ ಹೇಳಿ, ಅಕ್ಕನ ಭುಜ ಮುಟ್ಟಿ, ಮೆಟ್ಟಿಲು ಹತ್ತಿ ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹತ್ತುವ ಮೊದಲು ಅಕ್ಕನಿಗೆ ಒಂದೇ ಮಾತು ಹೇಳಿಟ್ಟಿದ್ದರೆ ಸಾಕಿತ್ತು. ಆ ಮಾತನ್ನೇ ಈ ಪತ್ರದ ತಲೆಯ ಮೇಲೆ ಬರೆದಿದ್ದೇನೆ. ಗಾಡಿ ಹತ್ತುವಾಗ ಒಬ್ಬರು ಒಳಗೆ, ಒಬ್ಬರು ಹೊರಗೆ ಉಳಿದರೆ, ಒಳಗಿರುವವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಬೇಕು. ಹೊರಗಿರುವವರು ಅದೇ ಮಾರ್ಗದ, ಆ ಸ್ಟೇಷನ್‌ನಲ್ಲಿ ನಿಲ್ಲುವ ಮುಂದಿನ ಗಾಡಿ ಹತ್ತಿ ಅಲ್ಲಿಗೆ ಬರಬೇಕು. ಇಬ್ಬರೂ ಹುಡುಕುತ್ತ ತಿರುಗಬಾರದು. ಊರು ಬಿಡುವ ಮೊದಲೇ ಮನೆಯಲ್ಲಿ ಕೂತು ಇದನ್ನು ಎರಡು ಸಲ ಮಾತಾಡಿಕೊಳ್ಳಿ. ಪ್ರತಿಯೊಬ್ಬರ ಜೇಬಿನಲ್ಲೂ ಸ್ವಲ್ಪ ಹಣ, ಒಂದು ಫೋನು, ಇಲ್ಲವೇ ಜೊತೆಗಾರರ ನಂಬರು ಬರೆದ ಚೀಟಿ ಇರಲಿ. ಆ ಚೀಟಿಯಲ್ಲಿ ಇಳಿಯಬೇಕಾದ ಸ್ಟೇಷನ್ನಿನ ಹೆಸರನ್ನು ಕನ್ನಡದಲ್ಲೂ ಮರಾಠಿ ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲೂ ಬರೆಸಿ.

ಇನ್ನು ದಾರಿ. ಎಲ್ಲಿ ಇಳಿಯಬೇಕು ಎನ್ನುವುದನ್ನು ಟಿಕೆಟ್ ತೆಗೆಯುವಾಗಲೇ ತೀರ್ಮಾನಿಸಿ. ಕರಾವಳಿಯಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಕೊನೆಯ ನಿಲ್ದಾಣ ಲೋಕಮಾನ್ಯ ತಿಲಕ್ ಟರ್ಮಿನಸ್‌ವರೆಗೆ ಹೋಗಲೇಬೇಕೆಂದಿಲ್ಲ. ಎಲ್ಲರೂ ಅದನ್ನು ಕುರ್ಲಾ ಎನ್ನುತ್ತಾರೆ, ಆದರೆ ಕುರ್ಲಾ ಲೋಕಲ್ ಸ್ಟೇಷನ್ ಬೇರೆ, ಇದು ಬೇರೆ. ಅಲ್ಲಿಂದ ಹತ್ತಿರದ ಲೋಕಲ್ ಸ್ಟೇಷನ್ ಹಾರ್ಬರ್ ಮಾರ್ಗದ ತಿಲಕ್ ನಗರ. ತಿಲಕ್ ನಗರದಿಂದ ಒಂದು ಸ್ಟೇಷನ್ ಕುರ್ಲಾ, ಕುರ್ಲಾದಲ್ಲಿ ಬದಲಾಯಿಸಿ, ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುವ ಸ್ಲೋ ಗಾಡಿಯಲ್ಲಿ ಸಾಯನ್, ಮಾಟುಂಗಾ, ದಾದರ್, ಪರೇಲ್. ನಡೆಯಬಲ್ಲ ರೋಗಿಯಿದ್ದರೆ, ಸಾಮಾನು ಕಡಿಮೆಯಿದ್ದರೆ ಮೊದಲೇ ಬರುವ ಠಾಣೆ ಸ್ಟೇಷನ್ನಿನಲ್ಲೇ ಇಳಿದು ಒಂದೇ ಸ್ಲೋ ಗಾಡಿಯಲ್ಲಿ ಪರೇಲ್ ಮುಟ್ಟಬಹುದು. ಖಾರ್‌ಘರ್‌ಗೇ ಹೋಗುವವರು ಅದಕ್ಕೂ ಮೊದಲು ಪನ್ವೇಲ್‌ನಲ್ಲಿ ಇಳಿಯಬೇಕು. ಅಲ್ಲಿಂದ ಲೋಕಲ್‌ನಲ್ಲಿ ಖಾಂಡೇಶ್ವರ, ಮಾನಸರೋವರ, ಮೂರನೆಯದು ಖಾರ್‌ಘರ್. ಇದು ಗೊತ್ತಿಲ್ಲದೆ ನಗರದೊಳಗೆ ಬಂದು, ಆ ದಣಿವಿನಲ್ಲಿ ಮತ್ತೆ ಹಿಂದಕ್ಕೆ ಹೋದ ಕುಟುಂಬಗಳನ್ನು ನಾನು ಕಂಡಿದ್ದೇನೆ.

ಕಲಬುರಗಿ, ರಾಯಚೂರು ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ದಾದರ್‌ನಲ್ಲಿ ಇಳಿಯುವುದು ಒಳ್ಳೆಯದು. ಪರೇಲ್ ಅಲ್ಲಿಂದ ಒಂದೇ ಸ್ಟೇಷನ್. ದಾದರ್‌ನಲ್ಲಿ ಮೊದಲು ಪಶ್ಚಿಮ ರೈಲ್ವೆಯ ಕಡೆ ಒಂದನೇ ನಂಬರು, ಮಧ್ಯ ರೈಲ್ವೆಯ ಕಡೆ ಇನ್ನೊಂದು ಒಂದನೇ ನಂಬರು ಇದ್ದು ಹೊಸಬರು ದಾರಿ ತಪ್ಪುತ್ತಿದ್ದರು. 2023ರ ಡಿಸೆಂಬರಿನಿಂದ ನಂಬರು ಒಂದೇ ಸಾಲಿನಲ್ಲಿದೆ. 1ರಿಂದ 7 ಪಶ್ಚಿಮದ್ದು, 8ರಿಂದ 14 ಮಧ್ಯ ರೈಲ್ವೆಯದು. ಪರೇಲ್ ಮಧ್ಯ ರೈಲ್ವೆಯ ಮಾರ್ಗದಲ್ಲಿದೆ ಎಂಬುದನ್ನು ನೆನಪಿಡಿ. ಇನ್ನೊಂದು ಮಾತು: ಪ್ಲಾಟ್‌ಫಾರ್ಮ್ ಕಾಮಗಾರಿಯ ಕಾರಣಕ್ಕೆ ಊರಿನ ಗಾಡಿಗಳನ್ನು ಕೆಲವೊಮ್ಮೆ ಠಾಣೆಯಲ್ಲೋ ದಾದರ್‌ನಲ್ಲೋ ನಿಲ್ಲಿಸಿಬಿಡುತ್ತಾರೆ. ಹೊರಡುವ ದಿನ 139ಕ್ಕೆ ಕರೆಮಾಡಿ ವಿಚಾರಿಸಿ.

ರೋಗಿ ನಿಲ್ಲಲಾರದ ಸ್ಥಿತಿಯಲ್ಲಿದ್ದರೆ ಲೋಕಲ್ ಬೇಡವೇ ಬೇಡ. ಟ್ಯಾಕ್ಸಿಗೆ ಕೊಟ್ಟ ಹಣ ದಂಡವಲ್ಲ.

ಒಂದೇ ಥರ ಕೇಳುವ ಹೆಸರುಗಳಿಂದ ಜೋಪಾನ. ಖಾರ್ ರೋಡ್ ಇರುವುದು ಬಾಂದ್ರಾದ ಪಕ್ಕ, ಖಾರ್‌ಘರ್ ಇರುವುದು ನವಿ ಮುಂಬಯಿಯಲ್ಲಿ. ಪರೇಲ್ ಬೇರೆ, ಲೋವರ್ ಪರೇಲ್ ಬೇರೆ. ಮಾಟುಂಗಾ ಮಧ್ಯ ರೈಲ್ವೆಯದು, ಮಾಟುಂಗಾ ರೋಡ್ ಪಶ್ಚಿಮದ್ದು. ನೆರೂಳ್ ನವಿ ಮುಂಬಯಿಯದು, ನೇರಳ್ ಕರ್ಜತ್ ದಾರಿಯದು. ಟಿಕೆಟ್ ಕಿಟಕಿಯಲ್ಲಿ ಅರ್ಧ ಹೆಸರು ಹೇಳಬೇಡಿ. ನಿಮ್ಮ ಚೀಟಿಯನ್ನೇ ತೋರಿಸಿ.

ಊರಿಂದ ಬಂದ ಟಿಕೆಟ್ಟಿನಲ್ಲೇ ಲೋಕಲ್‌ನಲ್ಲೂ ಹೋಗಬಹುದೆಂದು ಅಂದುಕೊಳ್ಳಬೇಡಿ. ಲೋಕಲ್‌ಗೆ ಬೇರೆ ಟಿಕೆಟ್ ತೆಗೆಯಿರಿ. ಸೆಕೆಂಡ್ ಕ್ಲಾಸ್ ಟಿಕೆಟ್ ಐದು ರೂಪಾಯಿಯಿಂದ ಶುರು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ ಪ್ರಯಾಣದರದ ಮೇಲೆ ಕನಿಷ್ಠ 250 ರೂಪಾಯಿ ದಂಡ. ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಿದು ತಿಳಿಯದೆ ಫಸ್ಟ್ ಕ್ಲಾಸ್ ಡಬ್ಬಾ ಹತ್ತಿದರೂ ಟಿಸಿ ದಂಡ ಹಾಕುತ್ತಾರೆ, ಏಸಿ ಲೋಕಲ್‌ಗೆ ಟಿಕೆಟ್ಟೇ ಬೇರೆ. ಮೊಬೈಲಿನಲ್ಲಿ ಟಿಕೆಟ್ ತೆಗೆಯುವವರು ಸ್ಟೇಷನ್ನಿಗೆ ಬರುವ ಮೊದಲೇ ತೆಗೆಯಿರಿ. ಒಳಗೆ ಬಂದ ಮೇಲೆ ಆ್ಯಪ್ ಟಿಕೆಟ್ ಕೊಡದೆ ಇರಬಹುದು.

ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ತಲೆಯೆತ್ತಿ ಇಂಡಿಕೇಟರ್ ನೋಡಿ. ಅದರಲ್ಲಿ ಗಾಡಿ ಹೋಗುವ ಊರು, ಹೊರಡುವ ಹೊತ್ತು, ಎಷ್ಟು ಡಬ್ಬಾ ಎನ್ನುವುದು, ಮತ್ತು ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ‘ಎಫ್’ ಇದ್ದರೆ ಫಾಸ್ಟ್, ‘ಎಸ್’ ಇದ್ದರೆ ಸ್ಲೋ. ಫಾಸ್ಟ್ ಗಾಡಿ ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ. ಪರೇಲ್‌ಗೆ ಹೋಗುವವರು ಸ್ಲೋ ಗಾಡಿಯನ್ನೇ ಹತ್ತಿ. ಗಾಡಿಯೊಳಗೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ‘ಪುಢೀಲ್ ಸ್ಟೇಷನ್’ ಎಂದರೆ ಮುಂದಿನ ಸ್ಟೇಷನ್. ಅದರ ಹಿಂದೆಯೇ ಬರುವ ಹೆಸರನ್ನು ಕಿವಿಗೊಟ್ಟು ಕೇಳಿ.

ಈಗ ಹೇಳುವುದು ನನಗೇ ಅಂದು ತಿಳಿಯದಿದ್ದ ಸಂಗತಿ. ಲೋಕಲ್‌ಗಳಲ್ಲಿ ಅಂಗವಿಕಲರಿಗೆಂದು ಬೇರೆ ಡಬ್ಬಾ ಇದೆ, ಹೊರಗೆ ಗಾಲಿಕುರ್ಚಿಯ ಚಿತ್ರವಿರುತ್ತದೆ. ಕ್ಯಾನ್ಸರ್ ರೋಗಿಗಳೂ ಗರ್ಭಿಣಿಯರೂ ಅದರಲ್ಲಿ ಪ್ರಯಾಣಿಸಬಹುದು. ಆ ಡಬ್ಬಾ ಬಂದು ನಿಲ್ಲುವ ಜಾಗದಲ್ಲಿ, ಕಣ್ಣು ಕಾಣದವರಿಗೆ ತಿಳಿಯಲೆಂದು, ಪ್ಲಾಟ್‌ಫಾರ್ಮಿನ ಮೇಲಿನಿಂದ ‘ಪೀಕ್ ಪೀಕ್’ ಎಂಬ ಸದ್ದು ಬಿಡದೆ ಕೇಳುತ್ತಿರುತ್ತದೆ. ಇಪ್ಪತ್ತೊಂಬತ್ತು ವರ್ಷ ನಾನು ಆ ಸದ್ದಿನ ಕೆಳಗೆ ನಡೆದುಹೋಗಿದ್ದೆ, ಅದು ಯಾರಿಗಾಗಿ ಎಂದು ಕೇಳಿರಲಿಲ್ಲ. ಆ ಸದ್ದು ಕೇಳುವಲ್ಲಿ ನಿಲ್ಲಿ. ಆಸ್ಪತ್ರೆಯ ಫೈಲು ಕೈಗೆ ಸಿಗುವಂತಿರಲಿ. ಮನೆಮಂದಿಯೆಲ್ಲ ಒಟ್ಟಿಗೆ ಅದರೊಳಗೆ ನುಗ್ಗಬೇಡಿ, ಅಲ್ಲಿ ಕೂತವರೆಲ್ಲರೂ ನಿಮ್ಮಂತೆಯೇ ನೊಂದವರು.

ಗಂಡ ಹೆಂಡತಿ ಇಬ್ಬರೇ ಬಂದಿದ್ದರೆ, ಹೆಂಡತಿ ಮಹಿಳೆಯರ ಡಬ್ಬಾಕ್ಕೆ, ಗಂಡ ಜನರಲ್‌ಗೆ ಎಂದು ಬೇರೆಯಾಗುವ ಮೊದಲು ಯೋಚಿಸಿ. ಇಳಿಯುವ ಸ್ಟೇಷನ್ ಇಬ್ಬರಿಗೂ ಚೆನ್ನಾಗಿ ಗೊತ್ತಿದ್ದರೆ ಮಾತ್ರ ಹಾಗೆ ಮಾಡಿ. ಹತ್ತುವಾಗ ಬಾಗಿಲ ಬದಿಯಲ್ಲಿ ನಿಂತು ಇಳಿಯುವವರಿಗೆ ದಾರಿ ಬಿಡಿ. ರೋಗಿಯನ್ನು ಮುಂದೆ ಬಿಟ್ಟು, ಕೈ ಹಿಡಿದು, ನೀವು ಹಿಂದಿನಿಂದ ಹತ್ತಿ. ಚೀಲವನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಿ. ಒಂದು ಸ್ಟೇಷನ್ ಮುಂಚೆಯೇ ಎದ್ದು ಬಾಗಿಲ ಕಡೆ ಬನ್ನಿ, ಎದುರಿಗಿರುವವರನ್ನು ‘ಪರೇಲ್ ಉತರ್‌ನಾ ಹೈ?’ ಎಂದು ಕೇಳಿ. ಇಳಿಯದವರು ಪಕ್ಕಕ್ಕೆ ಸರಿಯುತ್ತಾರೆ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಎನ್ನುವುದನ್ನೂ ಆಗಲೇ ಕೇಳಿಕೊಳ್ಳಿ. ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ.

ಬೆಳಿಗ್ಗೆ ಎಂಟರಿಂದ ಹನ್ನೊಂದು ದಕ್ಷಿಣಕ್ಕೆ, ಸಂಜೆ ಐದರಿಂದ ಒಂಬತ್ತು ಉತ್ತರಕ್ಕೆ, ನಗರವೇ ಹರಿದುಹೋಗುತ್ತಿರುತ್ತದೆ. ಈ ರೈಲುಗಳಲ್ಲಿ ದಿನಕ್ಕೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ. ಆಸ್ಪತ್ರೆಗೆ ಹೇಗೂ ಬೇಗ ಹೋಗಬೇಕು, ಬೆಳಗಿನ ಏಳರೊಳಗೆ ಗಾಡಿ ಹತ್ತಿಬಿಡಿ. ಮಧ್ಯಾಹ್ನ ಕೆಲಸ ಮುಗಿದರೆ ನಾಲ್ಕಕ್ಕೆ ಮೊದಲೇ ಹೊರಡಿ. ಆಗದಿದ್ದರೆ ಆಸ್ಪತ್ರೆಯ ಹತ್ತಿರವೇ ಕೂತು ಜನ ಕಡಿಮೆಯಾದ ಮೇಲೆ ಹೊರಡಿ. ಭಾನುವಾರ ಹಳಿ ದುರಸ್ತಿಗೆ ‘ಮೆಗಾ ಬ್ಲಾಕ್’ ಇರುತ್ತದೆ. ಆ ಹೊತ್ತಿನಲ್ಲಿ ಕೆಲವು ಮಾರ್ಗಗಳಲ್ಲಿ ಗಾಡಿಗಳೇ ಇರುವುದಿಲ್ಲ. ಭಾನುವಾರ ಊರಿಗೆ ಹೊರಡುವ ಗಾಡಿ ಹಿಡಿಯಬೇಕಿದ್ದರೆ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಪರೇಲ್ ಸ್ಟೇಷನ್ನಿಗೆ ಅಂಟಿಕೊಂಡಂತೆ ಪಶ್ಚಿಮ ರೈಲ್ವೆಯ ಪ್ರಭಾದೇವಿ ಸ್ಟೇಷನ್ ಇದೆ. 2018ರವರೆಗೆ ಅದರ ಹೆಸರು ಎಲ್ಫಿನ್‌ಸ್ಟನ್ ರೋಡ್. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯಿಂದ ತಪ್ಪಿಸಿಕೊಳ್ಳಲು ಇಕ್ಕಟ್ಟಿನ ಪಾದಚಾರಿ ಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದಾಗ ಅಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಆಮೇಲೆ ಸೇನೆಯವರು ಬಂದು ಹೊಸ ಸೇತುವೆ ಕಟ್ಟಿದರು, ಅದು 2018ರ ಫೆಬ್ರವರಿಯಲ್ಲಿ ತೆರೆಯಿತು. ಅಂಧೇರಿ, ಬೋರಿವಲಿ ಕಡೆಯಿಂದ ಬಂದು ಪ್ರಭಾದೇವಿಯಲ್ಲಿ ಇಳಿಯುವವರು ಪಾದಚಾರಿ ಸೇತುವೆ ದಾಟಿ ಪರೇಲ್ ಪೂರ್ವಕ್ಕೆ ಬರಬೇಕು. ಅಲ್ಲಿದ್ದ ವಾಹನಗಳ ಹಳೆಯ ಮೇಲ್ಸೇತುವೆಯನ್ನು ಹೊಸದು ಕಟ್ಟಲೆಂದು 2025ರ ಸೆಪ್ಟೆಂಬರಿನಲ್ಲಿ ಮುಚ್ಚಿದರು, ಆ ಕಡೆಯಿಂದ ಟ್ಯಾಕ್ಸಿ ಹಿಡಿದರೆ ಸುತ್ತುಬಳಸಿ ಬರಬೇಕಾದೀತು. ಮಳೆ ಜೋರಾಗಿದ್ದರೆ ಸೇತುವೆಯ ಮೇಲೆ ಏರಬೇಡಿ. ಕೆಳಗೆ ಪ್ಲಾಟ್‌ಫಾರ್ಮಿನಲ್ಲೇ ನಿಂತಿರಿ, ಗುಂಪು ಕರಗಿದ ಮೇಲೆ ಹೋಗಿ.

ಇದನ್ನು ಮಾತ್ರ ಕೈಹಿಡಿದು ಹೇಳುತ್ತಿದ್ದೇನೆ: ಹಳಿ ದಾಟಬೇಡಿ. ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆ, ನಿಜ. ಬಹಳ ಸ್ಟೇಷನ್ನುಗಳಲ್ಲಿ ಈಗ ಎಸ್ಕಲೇಟರ್, ಲಿಫ್ಟ್ ಇವೆ. ಎಲ್ಲಿದೆ ಎಂದು ಕೇಳಿ. ಮುಂಬಯಿಯ ಈ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಹತ್ತಿರ ಹತ್ತಿರ ಅರ್ಧ ಜನ ಹಳಿ ದಾಟುವಾಗಲೇ. ಬಾಗಿಲಿಗೆ ಜೋತುಬಿದ್ದು ಹೋಗಬೇಡಿ. 2025ರ ಜೂನ್ 9ರಂದು ಮುಂಬ್ರಾ ಬಳಿ, ತಿರುವಿನಲ್ಲಿ ಎರಡು ಲೋಕಲ್‌ಗಳು ಒಂದನ್ನೊಂದು ದಾಟುವಾಗ, ಬಾಗಿಲಲ್ಲಿ ನಿಂತಿದ್ದವರು ಉದುರಿಬಿದ್ದು ಕನಿಷ್ಠ ನಾಲ್ವರು ತೀರಿಕೊಂಡರು. ಅವರು ದಿನವೂ ಓಡಾಡುವವರು, ಈ ಗಾಡಿಯ ಹದ ಬಲ್ಲವರು. ಹೊರಟ ಗಾಡಿ ಹೋಗಲಿ ಬಿಡಿ. ಜೀವ ಉಳಿಸಿಕೊಳ್ಳಲೆಂದೇ ನೀವು ಇಷ್ಟು ದೂರ ಬಂದಿದ್ದೀರಿ.

ಹಣದ ವಿಷಯ ಹೇಳಲೇಬೇಕು. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲ್ವೆಯವರು ಸ್ಲೀಪರ್ ಮತ್ತು ಥರ್ಡ್ ಏಸಿಯಲ್ಲಿ ಪೂರ್ತಿ ರಿಯಾಯಿತಿ ಕೊಡುತ್ತಾರೆ, ಜೊತೆಗೆ ಹೋಗುವ ಒಬ್ಬರಿಗೆ ಅದೇ ದರ್ಜೆಗಳಲ್ಲಿ ಶೇಕಡಾ 75. ಇದಕ್ಕೆ ನಿಗದಿಯಾದ ಫಾರ್ಮ್ ಇದೆ, ಆಸ್ಪತ್ರೆಯಲ್ಲಿ ಸಹಿ, ಮೊಹರು ಹಾಕಿ ಕೊಡುತ್ತಾರೆ. ಕೇಳಿದವರಿಗೆ ಸಿಗುತ್ತದೆ, ಕೇಳದವರು ಪೂರ್ತಿ ಹಣ ಕೊಟ್ಟು ಓಡಾಡುತ್ತಾರೆ. ಮೊದಲ ಸಲ ಆಸ್ಪತ್ರೆಯಿಂದ ಊರಿಗೆ ಹೊರಡುವ ಮುನ್ನ ತಪ್ಪದೆ ಮಾಡಿಸಿಕೊಳ್ಳಿ. ಹಾಗೆಯೇ, 2024ರ ನವೆಂಬರ್ 1ರಿಂದ ಮುಂಗಡ ಟಿಕೆಟ್ 120 ದಿನದ ಬದಲು 60 ದಿನ ಮೊದಲು ಮಾತ್ರ ಸಿಗುತ್ತದೆ. ಡಾಕ್ಟರು ಮೂರು ತಿಂಗಳ ಮುಂದಿನ ತಾರೀಕು ಕೊಟ್ಟರೆ ಕ್ಯಾಲೆಂಡರಿನಲ್ಲಿ ಅರವತ್ತು ದಿನ ಹಿಂದಕ್ಕೆ ಎಣಿಸಿ ಗುರುತು ಹಾಕಿ. ಆ ಬೆಳಿಗ್ಗೆಯೇ ಕೌಂಟರಿಗೆ ಹೋಗಿ. ಗಣಪತಿ ಹಬ್ಬ, ಮೇ ತಿಂಗಳ ರಜೆಯಲ್ಲಿ ಕೊಂಕಣ ಮಾರ್ಗದಲ್ಲಿ ಒಂದು ಸೀಟೂ ಉಳಿಯುವುದಿಲ್ಲ.

ಮತ್ತೆ, ಬಾಯಿಬಿಟ್ಟು ಕೇಳಲು ಸಂಕೋಚ ಬೇಡ. ಹಿಂದಿ ತಪ್ಪಾದರೂ ಕೇಳಿ, ಕನ್ನಡದಲ್ಲೇ ಕೇಳಿ, ಚೀಟಿ ಚಾಚಿ ಕೇಳಿ. ಇಲ್ಲಿಯ ಜನ ನಿಂತು ಮಾತಾಡುವವರಲ್ಲ, ನಡೆಯುತ್ತಲೇ ಬೆರಳು ತೋರಿಸುತ್ತಾರೆ. ಆ ಬೆರಳು ತೋರಿಸಿದ ಕಡೆ ಹೋಗಿ, ಇನ್ನೊಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಪರೇಲಿನಿಂದ ದಾದರ್ ದಾಟಿದರೆ ಮಾಟುಂಗಾ. ಅಲ್ಲಿ ಸ್ಟೇಷನ್ನಿನ ಹೊರಗೆ ಅನ್ನ ಸಾರು ಸಿಗುತ್ತದೆ, ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಅಕ್ಕನಿಗೆ ಊಟ ಸೇರದ ದಿನಗಳಲ್ಲಿ ನಾವು ಅಲ್ಲಿ ಇಳಿಯುತ್ತಿದ್ದೆವು.

ಅಕ್ಕನ ಚಿಕಿತ್ಸೆ ಮುಗಿಯಿತು. ಆಮೇಲೆ ತಪಾಸಣೆಗೆಂದು ಬಂದಾಗ ಒಂದು ಸಲ ಕುರ್ಲಾದ ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ಬೀದರ್ ಕಡೆಯ ಗಂಡ ಹೆಂಡತಿ ದೊಡ್ಡ ಕವರು ಹಿಡಿದುಕೊಂಡು ಇಂಡಿಕೇಟರ್ ಕೆಳಗೆ ದಿಕ್ಕು ತೋಚದೆ ನಿಂತಿದ್ದರು. ಅವರ ಕನ್ನಡ ಕಿವಿಗೆ ಬಿದ್ದದ್ದೇ ಅಕ್ಕ ನನ್ನ ಕೈ ಬಿಟ್ಟು ಅವರ ಬಳಿ ಹೋದಳು. ಆ ‘ಪೀಕ್ ಪೀಕ್’ ಸದ್ದು ಕೇಳುವ ಜಾಗಕ್ಕೆ ಕರೆದುಕೊಂಡು ಬಂದು ನಿಲ್ಲಿಸಿ, ಆ ಹೆಂಗಸಿನ ಮೊಣಕೈ ಹಿಡಿದು ಹೇಳಿದಳು: “ನೋಡು ತಂಗಿ, ಒಂದು ವೇಳೆ ನೀನು ಹತ್ತಿ ಅವರು ಉಳಿದ್ರೆ, ಅಳೂದಿಲ್ಲ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ನಿಂತ್ಕೊ. ಅವರು ಬರ್ತಾರೆ.”

ಅಕ್ಕ ಹೇಳಿದ್ದನ್ನೇ ನಾನು ನಿಮಗೆಲ್ಲ ಬರೆದಿದ್ದೇನೆ. ನಿಧಾನ ಬನ್ನಿ, ಗುಣವಾಗಿ ಹೋಗಿ.

ನಿಮ್ಮವಳೇ ಆದ,
ಡೊಂಬಿವಲಿಯ ಒಬ್ಬ ಹಳೆಯ ಪ್ರಯಾಣಿಕಳು